ಇನಿಷಿಯಲ್ ಬದಲಿಸುವ ಅವಸರ
ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಉತ್ತರ ಕರ್ನಾಟಕದಷ್ಟು ಅಡ್ಡಹೆಸರಿನ ರೂಢಿಯಿಲ್ಲ. ಊರಿನ, ತಂದೆಯ ಇನಿಷಿಯಲ್ಲೇ ಗುರುತು. ಮದುವೆಯಾದ ತಿಂಗಳಲ್ಲೇ ಸೊಸೆಯ ಆಧಾರ್‌ನಲ್ಲಿ ಅದನ್ನು ತೆಗೆಸಿ ಗಂಡನ ಹೆಸರು ಹಾಕಿಸಲು ಹೊರಡುತ್ತೇವೆ. ಬದಲಿಸಲೇಬೇಕೆಂಬ ಕಾನೂನಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಂತೂ ಹಳೆಯ ಹೆಸರೇ ಇರುತ್ತದೆ. ಸರ್ಕಾರಿ ನೌಕರಿ ಮಾಡಿದವನಾಗಿ ಬಲ್ಲೆ, ಒಂದಕ್ಷರ ಹೊಂದದಿದ್ದರೂ ಕಡತ ನಿಲ್ಲುತ್ತದೆ. ನಾಳೆ ಉದ್ಯೋಗಕ್ಕೋ, 2005ರ ತಿದ್ದುಪಡಿ ಕೊಟ್ಟ ತವರಿನ ಸಮಪಾಲಿಗೋ ಹೋದಾಗ, ಎರಡು ಹೆಸರೂ ತನ್ನದೇ ಎಂದು ಅಫಿಡವಿಟ್ ಹಿಡಿದು ಅಲೆಯುವವಳು ಅವಳು, ನಾವಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಅಂಕಿತದಲ್ಲೇ ಪತಿ ಮಾರಯ್ಯನವರ ಹೆಸರಿದೆಯಲ್ಲ ಎನ್ನುವವರುಂಟು. ಇದೆ. ಹೆಚ್ಚಾಗಿ ತಂದ ಅಕ್ಕಿಯನ್ನು ಅಲ್ಲೇ ಸುರಿದು ಬನ್ನಿ ಎಂದು ಆ ಪತಿಗೆ ಹೇಳಿದವರೂ ಅವರೇ. ಆ ಮಾತನ್ನು ನಮ್ಮ ಸೊಸೆ ಆಡಿದರೆ ಕೇಳುತ್ತೇವೆಯೇ?

ಹೊಸ ಮನೆಯ ಅಡುಗೆ, ನೇಮ, ನೆಂಟರಿಗೆ ಹೊಂದಿಕೊಳ್ಳಲೇ ಅವಳಿಗೆ ಸಮಯ ಬೇಕು. ಹೆಸರಿನ ಮಾತನ್ನು ಅವಳೇ ಎತ್ತಲಿ. ವರ್ಷ ಕಳೆದರೂ ಚಿಂತೆಯಿಲ್ಲ.