ಹಸುರು ತಲೆಯ ಸಾಕ್ಷ್ಯ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಂತಹ ಎಡೆಗಳಿಗೆ ಉತ್ತರದಿಂದ ಬರುವ ಬಾತುಗಳಲ್ಲಿ ಸಲಿಕೆಕೊಕ್ಕಿನ ಬಾತು ಸಾಮಾನ್ಯವಾದುದು; ಮಲ್ಲಾರ್ಡ್ ನಮ್ಮ ನಾಡಿನಲ್ಲಿ ಅಪರೂಪ. ಎರಡರಲ್ಲಿಯೂ ಗಂಡಿನ ತಲೆ ಹಸುರು. ದಡದಲ್ಲಿ ನಿಂತವರು ಹಸುರು ತಲೆಯೊಂದನ್ನು ಕಂಡೊಡನೆ ಮಲ್ಲಾರ್ಡೆಂದು ಬರೆದುಕೊಳ್ಳುವ ಆತುರವನ್ನು ನಾನು ಒಪ್ಪಲಾರೆ.

ಆ ಹಸುರು ವರ್ಣದ್ರವ್ಯದಿಂದ ಬಂದುದಲ್ಲ. ಗರಿಯೊಳಗಿನ ಅತಿ ತೆಳುವಾದ ಪದರಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿದಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಸಾಬೂನಿನ ಗುಳ್ಳೆಯ ಬಣ್ಣವೂ ಹೀಗೆಯೇ ಹುಟ್ಟುವುದು. ಹಕ್ಕಿ ಕತ್ತು ತಿರುಗಿಸಿದರೆ ಸಾಕು, ಹಸುರು ನೇರಳೆಯಾದೀತು. ಸೂರ್ಯನು ಅದರ ಹಿಂದಿದ್ದರೆ ಬರಿಯ ಕಪ್ಪು.

ತಲೆಯನ್ನು ಬಿಟ್ಟು ಎದೆಯನ್ನು ನೋಡಬೇಕು. ಸಲಿಕೆಕೊಕ್ಕಿನ ಗಂಡಿಗೆ ಎದೆ ಬಿಳಿ, ಪಕ್ಕೆ ಕಂದುಗೆಂಪು. ಮಲ್ಲಾರ್ಡಿಗೆ ಎದೆ ಕಂದು, ಕೊರಳಿಗೆ ಬಿಳಿಯ ಉಂಗುರ, ಕೊಕ್ಕು ಹಳದಿ. ಇವು ಕೋನಕ್ಕೆ ತಕ್ಕಂತೆ ಮಾರ್ಪಡವು. ಬೆಳಗಿನಲ್ಲಿಯೇ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವುದು ಲೇಸು; ಬಿಸಿಲೇರಿದ ಮೇಲೆ ಕಾದ ಗಾಳಿ ಅಲುಗಾಡುತ್ತದೆ, ದೂರದರ್ಶಕವು ಆ ಅಲುಗಾಟವನ್ನೂ ಹಿಗ್ಗಿಸಿ ತೋರಿಸುತ್ತದೆ. ಗುರುತು ಹತ್ತಲಿಲ್ಲವೆಂದು ನೀರಿನಂಚಿಗೆ ನಡೆದು ಹಿಂಡನ್ನೇ ಎಬ್ಬಿಸುವುದಂತೂ (ಛಾಯಾಗ್ರಾಹಕರಲ್ಲಿ ಕೆಲವರಿಗೆ ಇದು ಚಟ) ಅನ್ಯಾಯ. ಮೇದು ಕೂಡಿಸಿದ ಕೊಬ್ಬೇ ಅವಕ್ಕೆ ಮರುಪ್ರಯಾಣದ ಬುತ್ತಿ.

1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಜಲಪಕ್ಷಿಗಳ ಗಣತಿ ನಡೆಯುತ್ತಿದೆ. ಅದರ ಪಟ್ಟಿಯಲ್ಲಿ ಇಲ್ಲದ ಮಲ್ಲಾರ್ಡಿಗಿಂತ ‘ಗುರುತಿಸಲಾಗದ ಬಾತು, 1’ ಎಂಬ ನಮೂದು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.