ಯಾವ ಕಂಪನಿ ರೈಫಲ್ ಚಲೋ ಅಂತ ಕೇಳುವ ಮುಂಚೆ

ಹಂದಿ ಹಿಂಡು ಒಂದೇ ರಾತ್ರಿಯಲ್ಲಿ ತೊಗರಿ ಹೊಲ ಹಾಳು ಮಾಡಿದರೆ ಸೇಡಂ, ಚಿಂಚೋಳಿ ಕಡೆಯ ರೈತ ಕೇಳುವುದು ಒಂದೇ: ಯಾವ ಕಂಪನಿ ರೈಫಲ್ ತಗೊಳ್ಳಲಿ? ಆ ಸಿಟ್ಟು ನ್ಯಾಯದ್ದು. ಆದರೆ ಅದಕ್ಕೆ ಬರೀ ಕಂಪನಿ ಹೆಸರು ಹೇಳಿ ಕಳಿಸುವವರನ್ನು ನಾವು ಒಪ್ಪುವುದಿಲ್ಲ.

ಡಯಾನಾ ಇರಲಿ, ಪ್ರಿಸಿಹೋಲ್ ಇರಲಿ, 4.5 ಮಿ.ಮೀ. ಮತ್ತು 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ನಿಯಮದಂತೆ ಲೈಸೆನ್ಸ್ ಬೇಡ. ಅದು ಗುರಿ ಕಲಿಯಲಿಕ್ಕೆ. ಅದರಿಂದ ಹಂದಿ ಸಾಯುವುದಿಲ್ಲ, ಗಾಯಗೊಳ್ಳುತ್ತದೆ. ಗಾಯಗೊಂಡ ಹಂದಿ ಮರುದಿನ ಕಳೆ ತೆಗೆಯುವವರ ಮೇಲೆ ಬಿದ್ದರೆ ಯಾರು ಹೊಣೆ?

ಇಶಾಪುರ ಕಾರ್ಖಾನೆಯ .315 ರೈಫಲ್ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗುತ್ತದೆ. ಚಿತ್ತಾಪುರದ ಬಯಲಲ್ಲಿ ಅದನ್ನು ತಡೆಯುವ ಗುಡ್ಡವೆಲ್ಲಿ? ವಾಡಿ, ಶಹಾಬಾದ್ ಕಡೆ ಹೊಲದ ಆಚೆಗೇ ಕಲ್ಲುಗಣಿ, ಅಲ್ಲಿ ದುಡಿಯುವ ಜನ. ಬೆಳೆ ಕಾಯಲು 1959ರ ಶಸ್ತ್ರಾಸ್ತ್ರ ಕಾಯ್ದೆ ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು, ರೈಫಲನ್ನಲ್ಲ. ಆ ಲೈಸೆನ್ಸ್ ಸಿಕ್ಕರೂ ಹಂದಿ ಹೊಡೆಯಲು 1972ರ ವನ್ಯಜೀವಿ ಕಾಯ್ದೆಯಡಿ ಬೇರೆ ಅನುಮತಿ ಬೇಕು. ಅನುಮತಿ ಇಲ್ಲದೆ ಹೊಡೆದರೆ ಹಂದಿ ಬಿಟ್ಟು ನೀವೇ ಕೋರ್ಟಿಗೆ ಅಲೆಯಬೇಕು.

ಹಾಗಾದರೆ ಸುಮ್ಮನೆ ಕೂಡಬೇಕೇ? ಖಂಡಿತ ಬೇಡ. ಹಾನಿಯಾದ ದಿನವೇ ಫೋನಿನಲ್ಲಿ ಫೋಟೋ ತೆಗೆಯಿರಿ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪಂಚನಾಮೆ ಮಾಡಿಸಿ, ಪರಿಹಾರ ಕೇಳಿ. ಇಡೀ ಊರು ಕೂಡಿ ಸೌರ ಬೇಲಿ ಕೇಳಿ. ಬೆಳೆ ಉಳಿಸುವ ಹೊಣೆ ಸರ್ಕಾರದ್ದೂ ಹೌದು. ಅದನ್ನು ಒಬ್ಬ ರೈತನ ಹೆಗಲ ಮೇಲಿನ ಬಂದೂಕಿಗೆ ಹೊರಿಸಿ ಕೈತೊಳೆದುಕೊಳ್ಳಲು ನಾವು ಬಿಡಬಾರದು.