ಸೇವೆ ಮತ್ತು ಬಿಟ್ಟಿ

ಹಗಲು ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಮುಂಬಯಿಯ ತಲೆಮಾರಿಗೆ ಅಧ್ಯಾಪನವೆಂದರೆ ಸೇವೆ. ಆ ಗೌರವದ ಮಾತು ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕಾಲೇಜುಗಳಲ್ಲಿ ಬೇರೊಂದು ಉಪಯೋಗಕ್ಕೆ ಬಂದಿದೆ. ಖಾಯಂ ಹುದ್ದೆ ತೆರವಾದೆಡೆ ತಾಸಿನ ಲೆಕ್ಕದ ಅಧ್ಯಾಪಕರು ಬರುತ್ತಾರೆ. ಸಂಭಾವನೆ ಪಾಠದ ತಾಸಿಗೆ ಮಾತ್ರ. ಪರೀಕ್ಷೆಯ ಮೇಲ್ವಿಚಾರಣೆ, ಪ್ರವೇಶದ ಕಡತ, ಸಮಾರಂಭದ ಸಿದ್ಧತೆಗಳೆಲ್ಲ ‘ಸೇವೆ’ಯ ಬಾಬತ್ತಿಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ಪಾಠವನ್ನೂ ಒಟ್ಟು ಕನಿಷ್ಠ 40 ತಾಸು ಕೆಲಸವನ್ನೂ ವಿಧಿಸಿದೆ. ತರಗತಿಯ ಹೊರಗಿನ ದುಡಿಮೆಯೂ ದುಡಿಮೆಯೇ ಎಂಬುದು ಇದರ ಅರ್ಥ. ಖಾಯಂ ಅಧ್ಯಾಪಕರಿಗೆ ಸಲ್ಲುವ ಈ ಲೆಕ್ಕ ತಾಸಿನವರಿಗೇಕೆ ಸಲ್ಲದು? ತಾನಾಗಿ ಕೊಟ್ಟದ್ದು ಸೇವೆ. ಮುಂದಿನ ವರ್ಷದ ನೇಮಕ ತಪ್ಪೀತೆಂಬ ಭಯದಿಂದ ಕೊಟ್ಟದ್ದು ಬಿಟ್ಟಿ. ಆ ಬಿಟ್ಟಿಯ ಫಲವನ್ನು ನಾನೂ ಉಂಡಿದ್ದೇನೆ. ಹಿರಿಯರಾದ ನಾವೇ ಮೊದಲು ಬಾಯಿಬಿಡಬೇಕು.